ಗೇಟ್ ದಾಟಿದ ಕೂಡಲೇ ಬೊಗಳುವ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕೆಂಚಿ ಬೆಂಗಳೂರಿನ ಒಂದು ಕಟ್ಟಡ ಕೆಲಸದ ಜಾಗದಿಂದ ಬಂದವಳು. ಬಂದಾಗ ಸುಮಾರು ಒಂದೂವರೆ ವರ್ಷ. ಮನೆಯೊಳಗೆ ಕಾಲ ಹತ್ತಿರ ಮಲಗುತ್ತಿದ್ದಳು. ಹೊರಗೆ ಕಾಲಿಟ್ಟರೆ ಎದುರು ಬಂದ ಪ್ರತಿ ನಾಯಿಯ ಮೇಲೆ, ಪ್ರತಿ ಸ್ಕೂಟರಿನ ಮೇಲೆ ಹಾರುತ್ತಿದ್ದಳು. ಈಗ ನಾಲ್ಕು ವರ್ಷ ಆಗಿದೆ. ಅವಳು ಸಮಾಧಾನವಾಗಿ ನಡೆಯುವುದನ್ನು ನೋಡಿ ಪಾರ್ಕಿನಲ್ಲಿ ಕೇಳುವವರಿದ್ದಾರೆ, ಫೋನ್ ಮಾಡುವವರಿದ್ದಾರೆ, ಉದ್ದುದ್ದ ಬರೆದು ಕಳಿಸುವವರೂ ಇದ್ದಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲಿಗೆ

ಮನೆಯಲ್ಲಿ ಹಸುವಿನಂಥ ನಾಯಿ. ಗೇಟ್ ದಾಟಿದ್ರೆ ಯಾರನ್ನೂ ಬಿಡಲ್ಲ. ಯಾಕೆ ಹೀಗೆ?

ಹೆಚ್ಚಿನ ನಾಯಿಗಳಲ್ಲಿ ಇದಕ್ಕೆ ಕಾರಣ ಭಯ. ಬೀದಿಯಲ್ಲಿ ಬೆಳೆದ ನಾಯಿಗೆ ಹೆದರಿಕೆಯಾದರೆ ಹತ್ತು ದಾರಿ ಇರುತ್ತದೆ. ಸುತ್ತು ಹಾಕಿ ಹೋಗಬಹುದು, ಓಡಬಹುದು, ನಿಂತ ಕಾರಿನ ಕೆಳಗೆ ನುಸುಳಬಹುದು. ಲೀಶ್, ಅಂದರೆ ನಾವು ಕೈಯಲ್ಲಿ ಹಿಡಿಯುವ ಪಟ್ಟಿ, ಹಾಕಿದ ಕೂಡಲೇ ಆ ದಾರಿಗಳೆಲ್ಲ ಮುಚ್ಚಿದವು. ಉಳಿದದ್ದು ಒಂದೇ, ಜೋರಾಗಿ ಕೂಗಿ ಎದುರಿನವರನ್ನು ಓಡಿಸುವುದು. ಪೇಪರ್ ಹಾಕುವ ಹುಡುಗ ತನ್ನ ಪಾಡಿಗೆ ಮುಂದೆ ಹೋಗುತ್ತಾನೆ. ನಾಯಿಗೆ ಮಾತ್ರ 'ನಾನು ಬೊಗಳಿದೆ, ಅವನು ಹೋದ' ಅನ್ನಿಸುತ್ತದೆ. ದಿನಾ ಎರಡು ಸಲ ಈ ಪಾಠ ಆದರೆ ಅದು ಗಟ್ಟಿಯಾಗದೆ ಇರುತ್ತಾ?

ಕೆಲವು ನಾಯಿಗಳ ಕಥೆ ಬೇರೆ. ಅವಕ್ಕೆ ಎದುರಿನ ನಾಯಿಯ ಹತ್ತಿರ ಹೋಗುವ ಆಸೆ. ಲೀಶ್ ಬಿಡುವುದಿಲ್ಲ, ಆ ಸಿಟ್ಟಿಗೆ ಕೂಗುತ್ತವೆ. ಎರಡಕ್ಕೂ ಮೊದಲ ಮದ್ದು ಒಂದೇ. ದೂರ ಹೆಚ್ಚಿಸಬೇಕು.

ರಿಯಾಕ್ಟಿವ್ ಅಂದ್ರೆ ಕಚ್ಚೋ ನಾಯಿ ಅಂತಾನಾ?

ಅಲ್ಲ. ನಾಯಿಯೋ ಗಾಡಿಯೋ ಕಂಡ ಕೂಡಲೇ ಹೀಗೆ ಕೆರಳಿ ಬೊಗಳುವ ನಾಯಿಯನ್ನು ರಿಯಾಕ್ಟಿವ್ ಅನ್ನುತ್ತಾರೆ, ಅಷ್ಟೇ. ಬೊಗಳುವ ನಾಯಿ 'ಹತ್ತಿರ ಬರಬೇಡ' ಅಂತ ಕೇಳುತ್ತಿದೆ. ಆದರೆ ಅದನ್ನು ಮೂಲೆಗೆ ಒತ್ತಿದರೆ ಯಾವ ನಾಯಿಯೂ ಕಚ್ಚಬಹುದು. ಇನ್ನೊಂದು ವಿಷಯ ನೆನಪಿರಲಿ. ಪೂರ್ತಿ ಕೆರಳಿದ ನಾಯಿ ಪಕ್ಕದಲ್ಲಿದ್ದ ನಿಮ್ಮ ಕಾಲಿಗೇ ಬಾಯಿ ಹಾಕಬಹುದು. ಅದಕ್ಕೆ ಆ ಕ್ಷಣ ನೀವು ಯಾರು ಅನ್ನುವುದೇ ಗೊತ್ತಿರುವುದಿಲ್ಲ.

ತಂದು ನಾಲ್ಕು ದಿನ ಆಯ್ತು. ನಾಳೆಯಿಂದಲೇ ವಾಕಿಂಗ್ ಕರ್ಕೊಂಡು ಹೋಗ್ಲಾ?

ಅವಸರ ಬೇಡ. ಬೀದಿ ನಾಯಿಗಳನ್ನು ರೆಸ್ಕ್ಯೂ ಮಾಡುವವರ ನಡುವೆ ಒಂದು ಮಾತಿದೆ: ಭಯ ಸ್ವಲ್ಪ ಇಳಿಯಲು 3 ದಿನ, ಮನೆಯ ರೀತಿ ತಿಳಿಯಲು 3 ವಾರ, ಇದು ನನ್ನ ಮನೆ ಅನ್ನಿಸಲು 3 ತಿಂಗಳು. ಇದು ಕಟ್ಟುನಿಟ್ಟಿನ ಲೆಕ್ಕವಲ್ಲ, ಒಂದು ಅಂದಾಜು. ಮೊದಲ ದಿನಗಳಲ್ಲಿ ತಾರಸಿ, ಕಾಂಪೌಂಡು, ಮನೆಯ ಮುಂದಿನ ನಾಲ್ಕು ಹೆಜ್ಜೆ ಸಾಕು. ಮಣ್ಣಿನಲ್ಲಿ ಅಭ್ಯಾಸವಾದ ನಾಯಿ ಟೈಲ್ಸ್ ಮೇಲೆ ಮೂತ್ರ ಮಾಡಲು ಒಪ್ಪದೇ ಇರಬಹುದು. ಹಾಗಿದ್ದರೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಹತ್ತಿರದ ಮಣ್ಣಿನ ಜಾಗಕ್ಕೆ ಕರೆದುಕೊಂಡು ಹೋಗಿ, ಕೂಡಲೇ ವಾಪಸ್ ಬನ್ನಿ. ಹೊಸ ನಾಯಿ ತಪ್ಪಿಸಿಕೊಂಡು ಓಡುವ ಅಪಾಯ ಈ ದಿನಗಳಲ್ಲೇ ಜಾಸ್ತಿ. ಕಾಲರಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆಯನ್ನು ಮೊದಲ ದಿನವೇ ಹಾಕಿ.

ಮೂರು ವರ್ಷದ ನಾಯಿ. ಈಗ ಕಲಿಯುತ್ತಾ?

ಕಲಿಯುತ್ತದೆ. ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ಸುಲಭದ ಕಾಲ ಮರಿಗೆ ಸುಮಾರು 3ರಿಂದ 14 ವಾರ. ಅದು ದಾಟಿದ ಮೇಲೆ ಕೆಲಸ ನಿಧಾನ, ಅಷ್ಟೇ.

ಮೊದಲು ಡಾಕ್ಟರ್ ಹತ್ತಿರ ಹೋಗಿ ಅಂತೀರಲ್ಲ, ಯಾಕೆ? ಇದು ಬುದ್ಧಿ ಕಲಿಸೋ ವಿಷಯ ತಾನೇ?

ನೋವಿರುವ ನಾಯಿಗೆ ತಾಳ್ಮೆ ಇರುವುದಿಲ್ಲ. ಬೀದಿಯಿಂದ ಬಂದ ನಾಯಿಗೆ ಹಳೆಯ ಗಾಡಿ ಏಟಿನಿಂದ ಸೊಂಟ ನೋಯುತ್ತಿರಬಹುದು. ಕಿವಿಯಲ್ಲಿ ಸೋಂಕು, ಹಲ್ಲು ನೋವು ಇರಬಹುದು. ನಮ್ಮ ಕಡೆ ಉಣ್ಣೆ ಹುಳದಿಂದ ಬರುವ ಟಿಕ್ ಫೀವರ್ ಬಹಳ, ಅದು ಕೀಲುಗಳನ್ನೂ ಹಿಡಿಯುತ್ತದೆ. ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ರೇಗಲು ಶುರು ಮಾಡಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಪಾಠ ಆಮೇಲೆ. ರೇಬೀಸ್ ಲಸಿಕೆ ಆಗಿದೆಯಾ ಅಂತ ಆಗಲೇ ನೋಡಿಸಿಕೊಳ್ಳಿ.

## ಸಾಮಾನು, ತಿಂಡಿ

ಚೈನ್, ಚೋಕ್ ಕಾಲರ್, ಹಾರ್ನೆಸ್. ಯಾವುದು ತಗೊಳ್ಳಲಿ?

ಎದೆಯ ಮೇಲೆ ವೈ ಆಕಾರದಲ್ಲಿ ಕೂರುವ, ಭುಜ ಆಡಲು ಬಿಡುವ ಹಾರ್ನೆಸ್ ತಗೊಳ್ಳಿ. ಬೆನ್ನಿನ ಮೇಲೆ ಒಂದು, ಎದೆಯ ಮುಂದೆ ಒಂದು ಕೊಂಡಿ ಇದ್ದರೆ ಒಳ್ಳೆಯದು. ಎಳೆಯುವ ನಾಯಿಗೆ ಮುಂದಿನ ಕೊಂಡಿಗೆ ಲೀಶ್ ಹಾಕಿದರೆ ಅದು ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಲೀಶ್ ಆರು ಅಡಿ ಸಾಕು. ಒತ್ತಿದರೆ ಉದ್ದ ಆಗುವ ಡಬ್ಬಿಯ ಲೀಶ್ ಬೇಡವೇ ಬೇಡ, ಅದು ಯಾವಾಗಲೂ ಬಿಗಿಯಾಗಿರುತ್ತದೆ.

ನಮ್ಮ ದೇಸಿ ನಾಯಿಗಳ ಎದೆ ಕಿರಿದು, ತಲೆಯೂ ಚಿಕ್ಕದು. ಹೆದರಿದರೆ ಹಿಂದಕ್ಕೆ ಜಗ್ಗಿ ಹಾರ್ನೆಸ್‌ನಿಂದ ಜಾರಿಕೊಂಡು ಹೋಗುತ್ತವೆ. ಕೆಂಚಿ ಎರಡು ಸಲ ಹಾಗೆ ಮಾಡಿದ್ದಾಳೆ. ಆಮೇಲೆ ಎರಡೂ ತುದಿಗೆ ಕೊಂಡಿ ಇರುವ ಲೀಶ್ ತಂದೆ. ಒಂದು ಕೊಂಡಿ ಹಾರ್ನೆಸ್‌ಗೆ, ಇನ್ನೊಂದು ಕಾಲರಿಗೆ. ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ.

ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಕಾಲರ್, ಮುಳ್ಳಿನ ಕಾಲರ್, ಶಾಕ್ ಕಾಲರ್ ಇವು ಯಾವುದೂ ಬೇಡ. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ, 'ಇನ್ನೊಂದು ನಾಯಿ ಅಂದರೆ ನೋವು' ಅಂತಲೇ ಅದು ಕಲಿಯುವುದು.

ನಾವು ಮನೆಯಲ್ಲಿ ಮಾಂಸ ಮಾಡಲ್ಲ. ಚಿಕನ್ ಇಲ್ಲದೆ ಆಗಲ್ವಾ?

ಆಗುತ್ತದೆ. ಪನೀರ್, ಬೇಯಿಸಿದ ಗೆಣಸು, ಉಪ್ಪಿಲ್ಲದ ಹುರಿದ ಕಡಲೆಕಾಯಿ ಬೀಜ, ಮೊಟ್ಟೆ ತರುವುದಾದರೆ ಬೇಯಿಸಿದ ಮೊಟ್ಟೆ. ಚೂರು ಕಡಲೆಕಾಳಿನಷ್ಟಿರಲಿ. ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಮನೆಯಲ್ಲಿ ಸುಮ್ನೆ ಕೊಡುವ ಬಿಸ್ಕತ್ತಿಗಿಂತ ಇದು ರುಚಿಯಾಗಿರಬೇಕು, ರಸ್ತೆಯಲ್ಲಿ ಮಾತ್ರ ಸಿಗಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಹಬ್ಬದ ಲಾಡು, ಪಾಯಸ ಕೊಡುವ ಮುಂಚೆ ಒಳಗಿನ ಒಣದ್ರಾಕ್ಷಿ ನೆನಪಾಗಲಿ.

ಬೊಗಳೋ ನಾಯಿಗೆ ತಿಂಡಿ ಕೊಟ್ರೆ ಬೊಗಳೋದಕ್ಕೇ ಬಹುಮಾನ ಕೊಟ್ಟ ಹಾಗಾಗಲ್ವಾ?

ಈ ಅನುಮಾನ ನನಗೂ ಇತ್ತು. ಗುಡುಗಿಗೆ ಹೆದರಿದ ಮಗುವನ್ನು ಅಪ್ಪಿಕೊಂಡರೆ ಅದರ ಹೆದರಿಕೆ ಜಾಸ್ತಿಯಾಗುತ್ತಾ? ಇಲ್ಲ ಅಲ್ವಾ? ಇಲ್ಲೂ ನಾವು ಬದಲಿಸುತ್ತಿರುವುದು ಭಯವನ್ನು. ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೋರಿಸಿದ್ದು ಇದನ್ನೇ. ಊಟಕ್ಕೆ ಸ್ವಲ್ಪ ಮುಂಚೆ ಪ್ರತಿ ಸಲ ಒಂದು ಶಬ್ದ ಕೇಳಿಸಿದರೆ, ಕೊನೆಗೆ ಆ ಶಬ್ದಕ್ಕೇ ನಾಯಿಯ ಬಾಯಲ್ಲಿ ನೀರು ಬರುತ್ತದೆ. ನಮಗೆ ಎದುರಿನ ನಾಯಿಯೇ ಆ ಶಬ್ದ.

ಆದರೆ ಯಾವುದು ಮೊದಲು ಅನ್ನುವುದನ್ನು ತಪ್ಪಬಾರದು. ನಾಯಿ ಮೊದಲು ನೋಡಬೇಕು, ಆಮೇಲೆ ತಿಂಡಿ ಬರಬೇಕು. ನೀವೇ ಮುಂಚೆ ಕಂಡು, ಗಾಬರಿಯಿಂದ ಜೇಬಿಗೆ ಕೈ ಹಾಕಿದರೆ, ಪನೀರ್ ಬಂತೆಂದರೆ ಎಲ್ಲೋ ಶತ್ರು ಇದ್ದಾನೆ ಅಂತ ಅದು ತಲೆ ಎತ್ತಿ ಹುಡುಕಲು ಶುರು ಮಾಡುತ್ತದೆ.

## ನಡಿಗೆಯ ಪಾಠ

ರಸ್ತೆಗೆ ಇಳಿದ ಕೂಡಲೇ ಎಳೆಯುತ್ತೆ. ಎಲ್ಲಿಂದ ಶುರು ಮಾಡಬೇಕು?

ಹಾಲ್‌ನಿಂದ. ಮನೆಯಲ್ಲೇ ಹಾರ್ನೆಸ್ ಹಾಕಿ ಮೂರು ಆಟ ಕಲಿಸಿ. ಒಂದು, ಹೆಸರು ಕರೆದರೆ ನಿಮ್ಮ ಮುಖ ನೋಡುವುದು. ಎರಡು, 'ಬಾ ಹೋಗೋಣ' ಅಂದ ಕೂಡಲೇ ನಿಮ್ಮ ಜೊತೆ ಪೂರ್ತಿ ಹಿಂದಕ್ಕೆ ತಿರುಗಿ ನಡೆಯುವುದು. ಮೂರು, 'ಹುಡುಕು' ಅಂದರೆ ನೆಲದ ಮೇಲೆ ಚೆಲ್ಲಿದ ಚೂರುಗಳನ್ನು ಮೂಸಿ ಹುಡುಕುವುದು. ದಿನಕ್ಕೆ ಐದೈದು ನಿಮಿಷ, ಎರಡು ಸಲ. ಹಾಲ್‌ನಲ್ಲಿ ಚೆನ್ನಾಗಿ ಬಂದ ಮೇಲೆ ತಾರಸಿ, ಮೆಟ್ಟಿಲು, ಗೇಟಿನ ಒಳಗೆ, ಗೇಟಿನ ಹೊರಗೆ.

ಎಳೆತಕ್ಕೆ ಒಂದೇ ನಿಯಮ. ಲೀಶ್ ಬಿಗಿಯಾದರೆ ನೀವು ನಿಲ್ಲುತ್ತೀರಿ. ಸಡಿಲವಾದರೆ ಹೊರಡುತ್ತೀರಿ. ಮೊದಲ ವಾರ ಹತ್ತು ನಿಮಿಷದಲ್ಲಿ ನಾಲ್ಕು ಮನೆ ದಾಟಿದರೆ ಅದೇ ದೊಡ್ಡದು. ಮನೆಯವರೆಲ್ಲ ಇದೇ ನಿಯಮ ಪಾಲಿಸಬೇಕು. ಅಪ್ಪ ನಿಲ್ಲುತ್ತಾರೆ, ತಮ್ಮ ಎಳೆಸಿಕೊಂಡೇ ಓಡುತ್ತಾನೆ ಅಂದರೆ ಎಳೆದರೆ ಒಮ್ಮೊಮ್ಮೆ ಲಾಭ ಇದೆ ಅಂತ ನಾಯಿಗೆ ಗೊತ್ತಾಗುತ್ತದೆ.

ದೂರ ದೂರ ಅಂತೀರಲ್ಲ, ಎಷ್ಟು ದೂರ?

ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯ. ನಿಮ್ಮ ನಾಯಿ ಎದುರಿನದನ್ನು ನೋಡುತ್ತದೆ, ಆದರೂ ತಿಂಡಿ ತಿನ್ನುತ್ತದೆ, ಹೆಸರು ಕರೆದರೆ ಕಿವಿ ತಿರುಗಿಸುತ್ತದೆ. ಅಷ್ಟು ದೂರ. ಕೆಂಚಿಗೆ ಮೊದಲು ಅದು ನಲವತ್ತು ಹೆಜ್ಜೆ ಇತ್ತು. ಕೆಲವು ನಾಯಿಗಳಿಗೆ ಇಡೀ ಒಂದು ಮೈದಾನ ಬೇಕಾಗುತ್ತದೆ.

ಬೊಗಳುವುದಕ್ಕೆ ಮುಂಚೆ ಮೈ ಹೇಳುತ್ತದೆ. ತೆರೆದಿದ್ದ ಬಾಯಿ ಪಟ್ಟನೆ ಮುಚ್ಚುತ್ತದೆ. ತೂಕ ಮುಂಗಾಲಿನ ಮೇಲೆ ಬರುತ್ತದೆ. ಬಾಲ ಗಟ್ಟಿಯಾಗುತ್ತದೆ, ಬೆನ್ನಿನ ಕೂದಲು ಏಳುತ್ತದೆ. ಇನ್ನು ಕೆಲವು ನಾಯಿಗಳು ನಿದ್ದೆ ಬರದಿದ್ದರೂ ಆಕಳಿಸುತ್ತವೆ, ಮೂಗು ನೆಕ್ಕಿಕೊಳ್ಳುತ್ತವೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತವೆ. ತಿಂಡಿ ತಗೊಳ್ಳುವ ರೀತಿಯನ್ನೂ ಗಮನಿಸಿ. ಯಾವಾಗಲೂ ಮೆತ್ತಗೆ ತಗೊಳ್ಳುವ ನಾಯಿ ಬೆರಳನ್ನೂ ಸೇರಿಸಿ ಕಿತ್ತುಕೊಂಡರೆ ನೀವು ತುಂಬಾ ಹತ್ತಿರ ಇದ್ದೀರಿ. ಮೂತಿ ಹತ್ತಿರ ಹಿಡಿದ ಪನೀರನ್ನೂ ನೋಡುತ್ತಿಲ್ಲ ಅಂದರೆ ಆಗಲೇ ಗೆರೆ ದಾಟಿದೆ.

ಆ ದೂರದಲ್ಲಿ ನಿಂತು ಮಾಡಬೇಕಾದದ್ದು ಇಷ್ಟು. ನಾಯಿ ನೋಡಿತು, ನೀವು 'ಜಾಣೆ' ಅಂದಿರಿ, ಚೂರು ಕೊಟ್ಟಿರಿ. ಮತ್ತೆ ನೋಡಿತು, ಮತ್ತೆ ಚೂರು. ಕೆಲವು ದಿನ ಆದ ಮೇಲೆ ಒಂದು ಸೊಗಸಾದ ಕ್ಷಣ ಬರುತ್ತದೆ. ಅದು ಎದುರಿನ ನಾಯಿಯನ್ನು ನೋಡಿ ತಾನಾಗಿಯೇ ನಿಮ್ಮ ಕಡೆ ತಿರುಗುತ್ತದೆ, 'ನೋಡಿದೆ, ಎಲ್ಲಿ ನನ್ನದು?' ಅನ್ನುವ ಹಾಗೆ. ಕೆಂಚಿ ಮೊದಲ ಸಲ ಹಾಗೆ ತಿರುಗಿದ ದಿನ ನಾನು ರಸ್ತೆ ಬದಿಯಲ್ಲೇ ಅತ್ತುಬಿಟ್ಟೆ. ಆ ತಿರುಗುವಿಕೆ ನಿಲ್ಲದೆ ಬರುತ್ತಿದ್ದರೆ ಎರಡು ಹೆಜ್ಜೆ ಹತ್ತಿರ ಹೋಗಿ. ಎರಡೇ.

ನಮ್ಮ ರಸ್ತೆಗಳು ಮೂವತ್ತು ಅಡಿ ಅಗಲ, ಅದರಲ್ಲಿ ಅರ್ಧ ನಿಂತ ಕಾರುಗಳು. ಆ ಕಾರುಗಳೇ ನಿಮ್ಮ ಗೋಡೆ. ಎರಡು ಕಾರಿನ ನಡುವೆ ಸರಿದು ನಿಂತರೆ ಎದುರಿನದು ಅರ್ಧ ಮರೆಯಾಗುತ್ತದೆ. ಅಡ್ಡರಸ್ತೆಗಳು, ಖಾಲಿ ಸೈಟುಗಳು, ತೆರೆದ ಗೇಟುಗಳು ಎಲ್ಲೆಲ್ಲಿವೆ ಅಂತ ನಾಯಿಯಿಲ್ಲದೆ ಒಂದು ಸಲ ನಡೆದು ನೋಡಿಕೊಂಡು ಬನ್ನಿ.

ಬೊಗಳೋಕೆ ಶುರು ಮಾಡಿಬಿಟ್ರೆ ಆಗ ಏನು ಮಾಡಲಿ?

ಆ ಹೊತ್ತಿನಲ್ಲಿ ಅದಕ್ಕೆ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. 'ಬಾ ಹೋಗೋಣ' ಅಂದು ತಿರುಗಿ ಹೊರಡಿ. ಗದರಬೇಡಿ, ಲೀಶ್ ಜಗ್ಗಿ ಹೊಡೆಯಬೇಡಿ. ತಿರುಗಲು ಜಾಗವಿಲ್ಲದಿದ್ದರೆ ಕಾಲು ಊರಿ ನಿಂತು, ಲೀಶ್ ಮೈಗೆ ಹತ್ತಿರ ಹಿಡಿದು, ಎದುರಿನದು ದಾಟಿ ಹೋಗುವವರೆಗೆ ಕಾಯಿರಿ. ಆಮೇಲೆ ಹುಲ್ಲಿರುವ ಕಡೆ ಐದು ನಿಮಿಷ ಮೂಸಲು ಬಿಡಿ. ನೋಡಿದವರು ಏನಂದುಕೊಂಡರೋ ಅನ್ನುವ ನಾಚಿಕೆ ನಮಗೆ ಆಗುತ್ತದೆ. ಅದನ್ನು ನಾಯಿಯ ಮೇಲೆ ತೀರಿಸಿಕೊಳ್ಳುವುದು ಬೇಡ.

ಬೆಳಿಗ್ಗೆ ಚೆನ್ನಾಗಿತ್ತು, ಸಂಜೆ ಮತ್ತೆ ಹಳೇ ಕಥೆ. ಕಲಿತದ್ದೆಲ್ಲ ಮರೆತುಹೋಯ್ತಾ?

ಮರೆತಿಲ್ಲ, ಕೊಡ ತುಂಬಿದೆ. ಬೆಳಿಗ್ಗೆ ಒಂದು ಬೆಕ್ಕು, ಮಧ್ಯಾಹ್ನ ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್, ನಾಲ್ಕು ಸಲ ಡೆಲಿವರಿ ಬೆಲ್. ಪ್ರತಿಯೊಂದೂ ಒಂದೊಂದು ಚೊಂಬು ನೀರು. ಸಂಜೆ ಕಂಡ ನಾಯಿ ಕೊನೆಯ ಚೊಂಬು. ಅಂಥ ದಿನ ವಾಕಿಂಗ್ ಬಿಡಿ. ಮಲಮೂತ್ರಕ್ಕೆ ಮಾತ್ರ ಕರೆದುಕೊಂಡು ಹೋಗಿ, ಊಟವನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಮೂಸಿ ತೆಗೆಯಲು ಕೊಡಿ. ದೊಡ್ಡ ಗಲಾಟೆ ಆದ ಮೇಲೆ ಕೆಂಚಿಗೆ ಎರಡು ದಿನ ರಜೆ ಕೊಡುತ್ತೇನೆ.

## ನಮ್ಮ ಬೀದಿಗಳಲ್ಲಿ

ಬೀದಿ ನಾಯಿಗಳು ಗುಂಪಾಗಿ ಬರ್ತವೆ. ಅವಕ್ಕೆ ಲೀಶೂ ಇಲ್ಲ, ಯಜಮಾನರೂ ಇಲ್ಲ. ಆಗ?

ವಿದೇಶದ ವಿಡಿಯೋಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಪ್ರತಿ ಗುಂಪಿಗೂ ತನ್ನದೇ ಜಾಗ ಇದೆ. ಯಾವ ಗುಂಪು ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಎದ್ದಿರುತ್ತದೆ ಅಂತ ಒಂದು ವಾರ ನೋಡಿ. ಹೆಚ್ಚಾಗಿ ಬೆಳಕು ಹರಿಯುವಾಗ, ಕತ್ತಲಾಗುವಾಗ ಅವು ಚುರುಕು. ಬಿಸಿಲೇರುತ್ತಿದ್ದಂತೆ ನೆರಳಿಗೆ ಬೀಳುತ್ತವೆ. ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ನಾವು ಹೋಗುವುದು ಬೆಳಿಗ್ಗೆ ಒಂಬತ್ತೂವರೆಗೆ. ಅವಕ್ಕೆ ದಿನಾ ಊಟ ಹಾಕುವವರನ್ನು ಪರಿಚಯ ಮಾಡಿಕೊಳ್ಳಿ. ಯಾವುದು ಜಗಳಗಂಟ, ಯಾವುದು ಸುಮ್ನೆ ಕೂಗುತ್ತದೆ ಅಂತ ಅವರಿಗೆ ಗೊತ್ತು. ಕಿವಿಯ ತುದಿ ಕತ್ತರಿಸಿರುವ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅಂತ ಅರ್ಥ.

ಹತ್ತಿರ ಬಂದರೆ ಓಡಬೇಡಿ. ಒಂದು ಹಿಡಿ ಬಿಸ್ಕತ್ತನ್ನು ಅವುಗಳ ಕಡೆ ದೂರಕ್ಕೆ ಚೆಲ್ಲಿ, ಕಮಾನಿನ ಹಾಗೆ ಬಾಗಿದ ದಾರಿಯಲ್ಲಿ ನಿಧಾನ ಸರಿಯಿರಿ. ಅವುಗಳ ಕಡೆ ಛತ್ರಿ ಬಿಡಿಸಿ ಹಿಡಿದರೂ ನಿಲ್ಲುತ್ತವೆ, ಆದರೆ ಅದರ ಶಬ್ದಕ್ಕೆ ನಿಮ್ಮ ನಾಯಿಯನ್ನು ಮೊದಲೇ ಮನೆಯಲ್ಲಿ ಒಗ್ಗಿಸಿ. ಕಲ್ಲೆತ್ತುವ ಹಾಗೆ ಬಗ್ಗುವುದು ಎಲ್ಲರಿಗೂ ಗೊತ್ತಿರುವ ಉಪಾಯ. ದಯವಿಟ್ಟು ಅದು ಬೇಡ. ನಿಮ್ಮ ನಾಯಿಯೂ ಒಂದು ಕಾಲಕ್ಕೆ ಆ ಕಲ್ಲಿಗೆ ಓಡಿದ್ದೇ. ಕೆಂಚಿಯ ಮುಂದೆ ಒಮ್ಮೆ ಬಿದ್ದ ಕೀಲಿ ತೆಗೆಯಲು ಬಗ್ಗಿದೆ. ಅವಳು ನೆಲಕ್ಕೆ ಅಂಟಿ ನಡುಗಿದ್ದು ಇನ್ನೂ ಕಣ್ಣಲ್ಲಿದೆ.

ಸ್ಕೂಟರ್ ಕಂಡ್ರೆ ಹಿಂದೆ ಬೀಳುತ್ತೆ. ಇದಕ್ಕೂ ಅದೇ ಪಾಠನಾ?

ಅದೇ ಪಾಠ, ಚೂರು ಚೂರಾಗಿ. ಮೊದಲು ನಿಂತ ಸ್ಕೂಟರಿನ ಸುತ್ತ 'ಹುಡುಕು' ಆಟ. ಆಮೇಲೆ ದೂರದಲ್ಲಿ ಎಂಜಿನ್ ಮಾತ್ರ ಶುರು. ಆಮೇಲೆ ಗೆಳೆಯರೊಬ್ಬರು ತಳ್ಳಿಕೊಂಡು ಹೋಗಲಿ. ಕೊನೆಗೆ ನಿಧಾನ ಓಡಿಸಲಿ. ನಮಗೆ ಇದಕ್ಕೇ ಮೂರು ತಿಂಗಳು ಹಿಡಿಯಿತು.

ಲಿಫ್ಟ್ ಬಾಗಿಲು ತೆಗೆದ್ರೆ ಎದುರಿಗೇ ಇನ್ನೊಂದು ನಾಯಿ. ಏನ್ಮಾಡೋದು?

ಆದಷ್ಟು ಮೆಟ್ಟಿಲು ಹಿಡಿಯಿರಿ. ಲಿಫ್ಟೇ ಬೇಕಾದರೆ ಬಾಗಿಲಿನಿಂದ ದೂರ, ಪಕ್ಕಕ್ಕೆ ನಿಂತು ಕಾಯಿರಿ. ಒಳಗೆ ನಾಯಿಯನ್ನು ಮೂಲೆಗೆ ಬಿಟ್ಟು ನೀವು ಅಡ್ಡ ನಿಲ್ಲಿ. ಅಪಾರ್ಟ್‌ಮೆಂಟಿನ ಇತರ ನಾಯಿಗಳ ಮನೆಯವರ ಜೊತೆ ಹೊತ್ತು ಮಾತಾಡಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ.

ಅಕ್ಕ, 'ನಮ್ಗೆ ನಾಯಿ ಅಂದ್ರೆ ಪ್ರಾಣ' ಅಂತ ಕೈ ಚಾಚ್ಕೊಂಡೇ ಬರ್ತಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ.

ಮಾಡಿಕೊಳ್ಳಲಿ. 'ಟ್ರೈನಿಂಗ್ ನಡೀತಿದೆ, ಇನ್ನೊಂದು ದಿನ ಮಾತಾಡಿಸಿ' ಅಂದು ನಾಯಿಗೂ ಅವರಿಗೂ ನಡುವೆ ನಿಂತುಬಿಡಿ. ಅದರ ಪರವಾಗಿ 'ಬೇಡ' ಅನ್ನುವವರು ನೀವೊಬ್ಬರೇ. ನೀವು ಹೇಳದಿದ್ದರೆ ಅದು ಹಲ್ಲು ತೋರಿಸಿ ಹೇಳಬೇಕಾಗುತ್ತದೆ.

ದೀಪಾವಳಿ ಬಂತು. ವಾಕಿಂಗ್ ನಿಲ್ಲಿಸ್ಲಾ?

ಕತ್ತಲಾಗುವ ಮುಂಚೆ ಮುಗಿಸಿ. ಎರಡೂ ಕೊಂಡಿ ಹಾಕದೆ ಗೇಟ್ ದಾಟಬೇಡಿ. ಪಟಾಕಿಗೆ ತೀರಾ ನಡುಗುವ ನಾಯಿಯಾದರೆ ಎರಡು ಮೂರು ವಾರ ಮುಂಚೆಯೇ ಪಶುವೈದ್ಯರನ್ನು ಕೇಳಿ, ಅದಕ್ಕೆ ಔಷಧಿ ಇದೆ. ಹಬ್ಬ ಮುಗಿದ ಮೇಲೂ ಕೆಲವು ದಿನ ಹಳೆಯ ದೂರಕ್ಕೇ ವಾಪಸ್ ಹೋಗಿ ಪಾಠ ಮಾಡಿ.

## ಮುಂದಿನ ಹಂತ

ಬಾಯಿಗೆ ಬುಟ್ಟಿ ಹಾಕೋದು ಪಾಪ ಅಲ್ವಾ?

ಒಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಜಾಗ ಇರುವ ಬುಟ್ಟಿಯಂಥ ಮಝಲ್ ಆದರೆ ಪಾಪವಲ್ಲ. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಮಝಲ್ ವಾಕಿಂಗಿಗೆ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ತೇಕುವುದರಿಂದ. ಬುಟ್ಟಿಯ ತಳಕ್ಕೆ ಪನೀರ್ ಮೆತ್ತಿ ಹಿಡಿಯಿರಿ, ಅದೇ ಮೂತಿ ಒಳಗೆ ಹಾಕಲಿ. ಎರಡು ವಾರ ಹೀಗೆ ಆಡಿಸಿ, ಆಮೇಲೆ ಪಟ್ಟಿ ಕಟ್ಟಿ. ಕಚ್ಚಿದ ಚರಿತ್ರೆ ಇರುವ ನಾಯಿಯ ಜೊತೆ ನಡೆಯುವಾಗ ಇದರಿಂದ ನಿಮ್ಮ ಕೈಯ ನಡುಕ ನಿಲ್ಲುತ್ತದೆ.

ಟ್ರೈನರ್ ಎರಡು ವಾರ ತಮ್ಮ ಹತ್ರ ಇಟ್ಕೊಂಡು ಸರಿ ಮಾಡಿಕೊಡ್ತೀನಿ ಅಂತಾರೆ. ಕಳಿಸ್ಲಾ?

ನಾನು ಮಾಡಿದ ದೊಡ್ಡ ತಪ್ಪು ಇದೇ. ಮೊದಲ ವರ್ಷ ಒಬ್ಬರ ಹತ್ತಿರ ಕೆಂಚಿಯನ್ನು ಬಿಟ್ಟೆ. ಅವರು ಚೋಕ್ ಕಾಲರ್ ಹಾಕಿ ಜಗ್ಗಿ ಜಗ್ಗಿ ಬೊಗಳುವುದನ್ನು ನಿಲ್ಲಿಸಿದರು. ಹತ್ತು ದಿನ ಎಷ್ಟು ಖುಷಿಪಟ್ಟೆವು! ಹನ್ನೊಂದನೆಯ ದಿನ ಅವಳು ಗುರುಗುಟ್ಟದೆ, ಬೊಗಳದೆ, ಸೀದಾ ಇನ್ನೊಂದು ನಾಯಿಯ ಕಿವಿ ಹಿಡಿದಳು. ಭಯ ಹಾಗೇ ಇತ್ತು, ಎಚ್ಚರಿಕೆ ಕೊಡುವುದು ಮಾತ್ರ ಹೋಗಿತ್ತು. ಅದನ್ನು ಬಿಡಿಸಲು ಒಂದು ವರ್ಷವೇ ಬೇಕಾಯಿತು.

ಟ್ರೈನರ್‌ರನ್ನು ಎರಡು ಮಾತು ಕೇಳಿ. ನಾಯಿ ಸರಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಪಾಠ ನಿಮ್ಮ ಎದುರಿಗೇ, ನಿಮ್ಮ ಬೀದಿಯಲ್ಲೇ ನಡೆಯಲಿ. ಲೀಶ್ ನಿಮ್ಮ ಕೈಯಲ್ಲಿರಲಿ.

ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಕೊಟ್ರೆ ನಾಯಿ ಮಂಕಾಗಲ್ವಾ?

ಕೆಲವು ನಾಯಿಗಳಿಗೆ ಎಷ್ಟು ದೂರ ನಿಂತರೂ ಭಯ ಇಳಿಯುವುದಿಲ್ಲ. ಅಂಥವಕ್ಕೆ ಫ್ಲುಯೊಕ್ಸೆಟಿನ್‌ನಂಥ ಔಷಧಿಯನ್ನು ಪಶುವೈದ್ಯರು ಕೊಡುತ್ತಾರೆ. ಇದರ ಪರಿಣಾಮ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾಯಿ ತೂಕಡಿಸುತ್ತಲೇ ಇದ್ದರೆ ಅಥವಾ ಊಟ ಬಿಟ್ಟರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಔಷಧಿ ಪಾಠದ ಬದಲಿಗೆ ಅಲ್ಲ, ಪಾಠ ತಲೆಗೆ ಹೋಗಲಿ ಅಂತ.

ಈಗ ನೋಡಿದ್ರೆ ಬೊಗಳಲ್ಲ. ಇನ್ನೊಂದು ನಾಯಿ ಜೊತೆ ಸ್ನೇಹ ಮಾಡಿಸೋದು ಹೇಗೆ?

ಮೊದಲು, ಸ್ನೇಹ ಬೇಕೇ ಬೇಕು ಅಂತಿಲ್ಲ. ಬೇಕೆನಿಸಿದರೆ ಶಾಂತ ಸ್ವಭಾವದ ಒಂದು ನಾಯಿಯನ್ನು ಆರಿಸಿ. ಎರಡನ್ನೂ ಎದುರುಬದುರು ತರಬೇಡಿ. ಅಗಲ ರಸ್ತೆಯ ಎರಡು ಬದಿಯಲ್ಲಿ ಒಂದೇ ದಿಕ್ಕಿಗೆ ನಡೆಸಿ. ದಿನದಿಂದ ದಿನಕ್ಕೆ ನಡುವಿನ ಜಾಗ ಕಡಿಮೆ ಮಾಡಿ. ಒಂದು ನಡೆದ ಜಾಗವನ್ನು ಇನ್ನೊಂದು ಮೂಸಲಿ. ಮುಖಾಮುಖಿ ಮೂಸುವುದು ಮೂರು ಸೆಕೆಂಡ್ ಸಾಕು, ಕೂಡಲೇ 'ಬಾ ಹೋಗೋಣ'.

ದೇವರೇ ಬೇಡ, ಅಕಸ್ಮಾತ್ ಯಾರಿಗಾದ್ರೂ ಕಚ್ಚಿಬಿಟ್ರೆ?

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರನ್ನು ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಲಸಿಕೆಯ ಪುಸ್ತಕವನ್ನೂ ಒಯ್ಯಿರಿ. ವೈದ್ಯರು ಹೇಳಿದಷ್ಟೂ ಡೋಸ್ ಮುಗಿಸುವವರೆಗೆ ವಿಚಾರಿಸಿಕೊಳ್ಳಿ. ಖರ್ಚು ನಿಮ್ಮದೇ.

ಎಷ್ಟು ದಿನ ಬೇಕು? ಯಾವತ್ತು ಪೂರ್ತಿ ಸರಿ ಹೋಗುತ್ತೆ?

ಕೆಂಚಿ ರಸ್ತೆಯ ಆ ಬದಿಯ ನಾಯಿಯನ್ನು ಸುಮ್ಮನೆ ನೋಡಲು ಕಲಿತದ್ದು ಎಂಟನೆಯ ತಿಂಗಳಲ್ಲಿ. ಅದನ್ನು ಮಧ್ಯದಲ್ಲಿ ಕಳೆದುಕೊಂಡು ಮತ್ತೆ ಕಲಿತದ್ದು ಎರಡನೆಯ ವರ್ಷ. ಒಂದು ನೋಟ್‌ಬುಕ್‌ನಲ್ಲಿ ದಿನಾ ಎರಡು ಸಾಲು ಬರೆಯಿರಿ: ಏನು ಕಂಡಿತು, ಎಷ್ಟು ಹೆಜ್ಜೆ ದೂರ, ಎಷ್ಟು ಬೇಗ ಸುಧಾರಿಸಿಕೊಂಡಿತು. ದಿನ ದಿನ ನೋಡುವಾಗ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಮೂರು ತಿಂಗಳ ಹಿಂದಿನ ಪುಟ ತೆಗೆದರೆ ಗೊತ್ತಾಗುತ್ತದೆ.

ಈಗ ಅವಳು ಐದು ಹೆಜ್ಜೆ ದೂರದಲ್ಲಿ ನಾಯಿ ದಾಟಿದರೂ ನನ್ನ ಮುಖ ನೋಡಿ ಮುಂದೆ ನಡೆಯುತ್ತಾಳೆ. ರೇನ್‌ಕೋಟ್ ಹಾಕಿದವರು ಕಂಡರೆ ಮಾತ್ರ ಇನ್ನೂ ನಿಂತುಬಿಡುತ್ತಾಳೆ. ಹಾಗಾಗಿ ಮಳೆಗಾಲದಲ್ಲಿ ನಾವು ಹಿಂದಿನ ಗಲ್ಲಿಯಿಂದ ಹೋಗುತ್ತೇವೆ.